ಗಾಳಿಚೀಲ ಹಡಗನ್ನು ಉಳಿಸಬಲ್ಲದೆ?

ಅಪಘಾತಕ್ಕೀಡಾದ ಹಡಗಿನೊಳಗೆ ಗಾಳಿಚೀಲಗಳನ್ನು ಉಬ್ಬಿಸಿ ಅದು ಮುಳುಗದಂತೆ ತಡೆಯಬಹುದು, ಮುಳುಗಿದ್ದರೆ ಮೇಲೆತ್ತಬಹುದು ಎಂಬ ವಿಚಾರ ಹೊಸದಲ್ಲ. ಯುರೋಪ್ ಒಕ್ಕೂಟದ ನೆರವಿನಿಂದ ನಡೆದ ‘ಸೂಸಿ’ ಯೋಜನೆ 2012ರ ವೇಳೆಗೆ ಇದನ್ನು ಪ್ರಯೋಗಕ್ಕೆ ಒಳಪಡಿಸಿತ್ತು. ಹಡಗಿನ ಜೋಡಿ ತಳದ ನಡುವೆ ಮಡಿಸಿಟ್ಟ ಚೀಲಗಳು ಆಪತ್ತಿನಲ್ಲಿ ಅನಿಲದಿಂದ ಉಬ್ಬಿ ನೀರನ್ನು ಹೊರದೂಡಬೇಕು ಎಂಬುದು ಅದರ ತಿರುಳು. ಇದನ್ನು ಆರ್ಕಿಮಿಡೀಸ್ ತತ್ತ್ವದ ಒಂದು ಅನ್ವಯವೆಂದಷ್ಟೇ ವಿವರಿಸಿ ಮುಗಿಸುವುದು ವಾಡಿಕೆ. ಅಲ್ಲಿಗೆ ನಿಲ್ಲಿಸಿದರೆ ತಂತ್ರದ ಮಿತಿಯೂ ತಿಳಿಯದು, ಅದರ ನಿಜವಾದ ಗುಣವೂ ತಿಳಿಯದು.

ನಮ್ಮ ಕರಾವಳಿಯದೇ ಒಂದು ಉದಾಹರಣೆ ನೋಡೋಣ. 2022ರ ಜೂನ್‌ನಲ್ಲಿ ಸುಮಾರು 8,000 ಟನ್ ಉಕ್ಕಿನ ಸುರುಳಿಗಳನ್ನು ಹೊತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಹಡಗು, ಒಳಗೆ ನೀರು ನುಗ್ಗಿ ಉಳ್ಳಾಲದ ಬಳಿ ಮುಳುಗಿತು. ಸಿರಿಯಾದ 15 ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ರಕ್ಷಿಸಿತು. ಆ ಸರಕನ್ನು ಮಾತ್ರ ಗಾಳಿಯಿಂದ ಎತ್ತಲು ಏನು ಬೇಕು? ಉಕ್ಕಿನ ಸಾಪೇಕ್ಷ ಸಾಂದ್ರತೆ 7.85. ಸಮುದ್ರದ ನೀರಿನಲ್ಲಿ 8,000 ಟನ್ ಉಕ್ಕಿನ ತೋರಿಕೆಯ ತೂಕ ಸುಮಾರು 7,000 ಟನ್. ಇದಕ್ಕೆ ಸಮನಾದ ಪ್ಲವನ ಬಲ ದೊರೆಯಲು ಸುಮಾರು 6,800 ಘನ ಮೀಟರ್ ನೀರನ್ನು ಸ್ಥಳಾಂತರಿಸಬೇಕು. 8 ಮೀಟರ್ ಉದ್ದ, 6 ಮೀಟರ್ ಅಗಲ, 3.5 ಮೀಟರ್ ಎತ್ತರದ 40 ತರಗತಿ ಕೊಠಡಿಗಳಷ್ಟು ಗಾತ್ರವಿದು! ಹಡಗಿನ ಸ್ವಂತ ತೂಕ, ಕೆಸರಿನ ಹಿಡಿತ ಬೇರೆ.

ಹಡಗು 10 ಮೀಟರ್ ಆಳದಲ್ಲಿದೆ ಎಂದುಕೊಂಡರೆ ಅಲ್ಲಿನ ಒತ್ತಡ ಸುಮಾರು 2 ವಾಯುಮಂಡಲ. ಬಾಯ್ಲ್ ನಿಯಮದಂತೆ ಮೇಲ್ಮೈಯ ಲೆಕ್ಕದಲ್ಲಿ 13,600 ಘನ ಮೀಟರ್ ಗಾಳಿ ಬೇಕು. 200 ವಾಯುಮಂಡಲ ಒತ್ತಡದ, 50 ಲೀಟರಿನ ಸಿಲಿಂಡರಿನಲ್ಲಿ ಇರುವುದು 10 ಘನ ಮೀಟರ್. ಅಂದರೆ 1,360 ಸಿಲಿಂಡರುಗಳು! ಹಡಗು 5 ಮೀಟರ್ ಮೇಲೇರಿದರೆ ಚೀಲದ ಗಾಳಿ ಮೂರನೇ ಒಂದು ಭಾಗ ಹಿಗ್ಗುತ್ತದೆ. ಹೆಚ್ಚಿದ ಗಾಳಿಯನ್ನು ಹೊರಬಿಡದಿದ್ದರೆ ಚೀಲ ಹರಿಯಬಹುದು, ಇಲ್ಲವೇ ಹಡಗು ಹಿಡಿತ ತಪ್ಪಿ ಮೇಲೇಳಬಹುದು.

ಹಾಗಾದರೆ ಚೀಲ ನಿಷ್ಪ್ರಯೋಜಕವೆ? ಅಲ್ಲ. ಹಡಗು ಓರೆಯಾದಾಗ ಪ್ಲವನ ಕೇಂದ್ರ ತಗ್ಗಿದ ಕಡೆಗೆ ಸರಿದು ಹಡಗನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಒಳಗೆ ನೀರಿದ್ದರೆ ಅದೂ ಅದೇ ಕಡೆಗೆ ಹರಿದು ಈ ಪ್ರಯತ್ನವನ್ನು ಕೆಡಿಸುತ್ತದೆ. ಈ ಕೆಡುಕು ನೀರಿನ ಹರವಿನ ಅಗಲದ ಘನಕ್ಕೆ ಅನುಪಾತದಲ್ಲಿದೆ. ನಡುವೆ ಉದ್ದಕ್ಕೆ ಒಂದು ಗೋಡೆ ಬಂದರೆ ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೋಣೆಯನ್ನು ಭದ್ರವಾಗಿ ತುಂಬಿದ ಚೀಲ ನೀರಿಗೆ ಹೊಯ್ದಾಡಲು ಜಾಗ ಕೊಡುವುದಿಲ್ಲ. ಎತ್ತುವುದಕ್ಕಿಂತ ಇದು ಮುಖ್ಯ; ಸಿಬ್ಬಂದಿ ಪಾರಾಗಲು ಸಮಯ ಸಿಗುವುದು ಹೀಗೆ. ಆದರೆ ಒಂದೇ ಪಕ್ಕದ ಚೀಲ ಉಬ್ಬಿದರೆ ಹಡಗು ವಾಲುತ್ತದೆ. ತಳದ ನೀರನ್ನಷ್ಟೇ ಹೊರಹಾಕಿದರೆ ಗುರುತ್ವ ಕೇಂದ್ರ ಮೇಲೇರುತ್ತದೆ. ಹರಿದ ಉಕ್ಕಿನ ಅಂಚು ಚೀಲವನ್ನೇ ಸೀಳೀತು.

2012ರ ಜನವರಿಯಲ್ಲಿ ಇಟಲಿಯ ದಡದ ಬಳಿ ಮಗುಚಿದ ‘ಕೋಸ್ಟಾ ಕಾನ್ಕಾರ್ಡಿಯಾ’ವನ್ನು ಎತ್ತಿದ್ದು ಚೀಲಗಳಲ್ಲ, ಪಕ್ಕಗಳಿಗೆ ಬೆಸೆದ ಭಾರಿ ಉಕ್ಕಿನ ಪೆಟ್ಟಿಗೆಗಳು. ಮೊದಲು ಹಡಗನ್ನು 2013ರ ಸೆಪ್ಟೆಂಬರಿನಲ್ಲಿ ನೆಟ್ಟಗೆ ನಿಲ್ಲಿಸಿ, 2014ರ ಜುಲೈಯಲ್ಲಿ ತೇಲಿಸಲಾಯಿತು. ಈ ಕ್ರಮ ಗಮನಾರ್ಹ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಿಗೆ ಕಡಲು ಘಟ್ಟದಾಚೆಗಿದೆ. ಆದರೆ ಪ್ರಯೋಗಕ್ಕೆ ಬಕೆಟ್ ನೀರು ಸಾಕು. ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯನ್ನು ತೇಲಿಬಿಟ್ಟು, ಒಳಗೆ ಒಂದು ಲೋಟ ನೀರು ಸುರಿದು, ಅಂಚನ್ನು ಮೆಲ್ಲನೆ ಒತ್ತಿ. ನಂತರ ನಡುವೆ ಉದ್ದಕ್ಕೆ ಥರ್ಮೋಕೋಲ್ ಗೋಡೆಯನ್ನು ನೀರು ಸೋರದಂತೆ ಅಂಟಿಸಿ, ಅಷ್ಟೇ ನೀರನ್ನು ಎರಡೂ ಕಡೆ ಸಮನಾಗಿ ಸುರಿದು ಮತ್ತೆ ಒತ್ತಿ. ಎರಡು ಸಲವೂ ಡಬ್ಬಿ ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ ಮುಳುಗಿರುತ್ತದೆ, ವಾಲುವ ಪ್ರಮಾಣ ಮಾತ್ರ ಬದಲಾಗಿರುತ್ತದೆ. ಏಕೆಂದು ವಿದ್ಯಾರ್ಥಿಗಳೇ ಹೇಳಲಿ. ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ ಎಂಬುದನ್ನು ಪಾಠದಲ್ಲಿ ಸೇರಿಸಲು ಇನ್ನೊಂದು ಪೀರಿಯಡ್ ಸಾಕು.