ಮೂರನೇ ದಿನದ ರೋಗಿ

ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡವನನ್ನು ಜನರಲ್ ಆಸ್ಪತ್ರೆಯ ಮೂಳೆ ವಾರ್ಡಿಗೆ ಸೇರಿಸುತ್ತಾರೆ. ಮೊದಲ ದಿನ ಎಕ್ಸ್‌ರೇ, ರಕ್ತಪರೀಕ್ಷೆ. ಎರಡನೇ ದಿನ ಕೈ ನಡುಗುತ್ತದೆ, ಬೆವರು ಇಳಿಯುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ನೋವಿಗೆ ಹಾಗಾಗುತ್ತಿದೆ ಅಂದುಕೊಳ್ಳುತ್ತಾರೆ. ಮೂರನೇ ರಾತ್ರಿ ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕೂಗುತ್ತಾನೆ, ಡ್ರಿಪ್ ಕಿತ್ತೆಸೆಯುತ್ತಾನೆ, ಮುರಿದ ಕಾಲಿನಲ್ಲೇ ಮಂಚದಿಂದ ಇಳಿಯಲು ನೋಡುತ್ತಾನೆ. ಆಗ ಕೈಕಾಲು ಕಟ್ಟುತ್ತಾರೆ. ಕೇಸ್ ಶೀಟಿನಲ್ಲಿ ಒಂದು ಸಾಲು ಬೀಳುತ್ತದೆ: ಸೈಕಿಯಾಟ್ರಿ ಒಪೀನಿಯನ್.

ನಮ್ಮ ಜನರಲ್ ಆಸ್ಪತ್ರೆಗಳಲ್ಲಿ ಒಳರೋಗಿಗಳ ಮನೋರೋಗ ಮತ್ತು ವ್ಯಸನದ ಚಿಕಿತ್ಸೆ ಬಹುಪಾಲು ಈ ಸಾಲಿನಿಂದ ಶುರುವಾಗಿ, ಅದರ ಕೆಳಗೆ ಮನೋವೈದ್ಯರು ಬರೆಯುವ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಈ ಪದ್ಧತಿ ಎಷ್ಟೋ ಸಲ ಜೀವ ಉಳಿಸುತ್ತದೆ ನಿಜ. ಆದರೆ ಕಾಯಿಲೆಯನ್ನು ಇದ್ದ ಹಾಗೇ ರೋಗಿಯ ಜೊತೆ ಮನೆಗೆ ಕಳಿಸುತ್ತದೆ ಎಂಬುದೇ ನನ್ನ ಆಕ್ಷೇಪ.

ಆ ಮೂರನೇ ರಾತ್ರಿ ಆಕಸ್ಮಿಕವಲ್ಲ. ದಿನವೂ ಮಿತಿಮೀರಿ ಕುಡಿಯುವವರಿಗೆ ಏಕಾಏಕಿ ಕುಡಿತ ನಿಂತರೆ ಕೆಲವೇ ಗಂಟೆಗಳಲ್ಲಿ ನಡುಕ ಬರುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, 48ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಈ ಸನ್ನಿ. ಡೆಲಿರಿಯಂ ಟ್ರೆಮೆನ್ಸ್ ಎಂದು ಥಾಮಸ್ ಸಟನ್ ಇದನ್ನು ವರ್ಣಿಸಿದ್ದು 1813ರಲ್ಲಿ. ಇನ್ನೂರು ವರ್ಷಗಳಿಂದ ಗೊತ್ತಿರುವ ಕಾಯಿಲೆ ವಾರ್ಡಿನಲ್ಲಿ ಪ್ರತಿಸಲವೂ ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ ಎಂದರೆ ನಾವು ಅದನ್ನು ಕಾಯುತ್ತಲೇ ಇರಲಿಲ್ಲ. ಕುಡಿತ ನಿಂತಾಗ ಬರುವ ಲಕ್ಷಣಗಳ ತೀವ್ರತೆಯನ್ನು ಅಳೆಯುವ ಸೀವಾ ಮಾಪಕದಲ್ಲಿರುವುದು ಹತ್ತೇ ಅಂಶ. ತರಬೇತಿ ಪಡೆದ ನರ್ಸ್ ಕೆಲವೇ ನಿಮಿಷಗಳಲ್ಲಿ ಅಂಕ ಹಾಕಬಲ್ಲರು. ಅಂಕ ಏರುತ್ತಿದ್ದಂತೆ ಲೋರಾಜೆಪಾಮ್ ಕೊಟ್ಟರೆ ಕೈಕಾಲು ಕಟ್ಟುವ ಪ್ರಮೇಯ ಬಹಳಷ್ಟು ಮಂದಿಗೆ ಬರುವುದೇ ಇಲ್ಲ. ಇನ್ನು ಥಯಾಮಿನ್. ಕುಡಿತದಿಂದ ಸೊರಗಿದ ದೇಹಕ್ಕೆ ಈ ವಿಟಮಿನ್ ಇಲ್ಲದೆ ಬರಿಯ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು: ಕಣ್ಣುಗುಡ್ಡೆ ಓಲಾಡುತ್ತದೆ, ಹೆಜ್ಜೆ ತಪ್ಪುತ್ತದೆ, ಕೊನೆಗೆ ಹೊಸ ನೆನಪು ನಿಲ್ಲದ ಸ್ಥಿತಿ ಶಾಶ್ವತವಾಗಬಹುದು. ಇಷ್ಟು ಅಗ್ಗದ ಇಂಜೆಕ್ಷನ್ನಿನಿಂದ ತಪ್ಪಿಸಬಹುದಾದ ಇಷ್ಟು ದೊಡ್ಡ ನಷ್ಟ ವೈದ್ಯಕೀಯದಲ್ಲಿ ಹೆಚ್ಚಿಲ್ಲ.

ಗೊತ್ತಿದ್ದೂ ಯಾಕೆ ತಪ್ಪುತ್ತದೆ? ತಪ್ಪನ್ನೆಲ್ಲ ರಾತ್ರಿ ಡ್ಯೂಟಿಯ ಕಿರಿಯ ವೈದ್ಯರ ಮೇಲೆ ಹೊರಿಸುವುದು ಸುಲಭ, ಆದರೆ ನ್ಯಾಯವಲ್ಲ. ಹೆಂಡತಿ, ಮಾವ, ಪಕ್ಕದ ಮಂಚದವರ ಎದುರಿಗೆ "ಕುಡೀತೀರಾ?" ಎಂದು ಕೇಳಿದರೆ "ಅಪರೂಪಕ್ಕೆ" ಎಂಬ ಉತ್ತರವೇ ಬರುತ್ತದೆ. ಅದಕ್ಕಿಂತ ಬಲವಾದ ಕಾರಣವೂ ಇದೆ. ಆರೋಗ್ಯ ವಿಮಾ ಪಾಲಿಸಿಗಳ ಹೊರಗಿಡುವ ಪಟ್ಟಿಯಲ್ಲಿ ಮದ್ಯ, ಮಾದಕ ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳಿಗೆ ಹಣವಿಲ್ಲ ಎಂಬ ಸಾಲು ಇರುತ್ತದೆ. ಕೇಸ್ ಶೀಟಿನಲ್ಲಿ ಕುಡಿತದ ಮಾತು ಬಂದರೆ ಕ್ಲೇಮ್ ಬಿದ್ದುಹೋದೀತು ಎಂಬ ಭಯ ಮನೆಯವರಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆ ಎಂದೇ ಕರೆಯುತ್ತದೆ. ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ. ಕಾಯ್ದೆ ಒಂದು ಹೇಳುತ್ತದೆ, ಪಾಲಿಸಿಯ ಸಣ್ಣಕ್ಷರ ಇನ್ನೊಂದು. ಈ ನಡುವೆ ಮುಚ್ಚಿಟ್ಟ ಸತ್ಯಕ್ಕೆ ರೋಗಿ ಮೂರನೇ ರಾತ್ರಿ ಬೆಲೆ ತೆರುತ್ತಾನೆ.

ಸನ್ನಿ ಇಳಿದ ಮೇಲೆ ನಡೆಯುವುದು ನನಗೆ ಇನ್ನೂ ಹೆಚ್ಚು ನೋವಿನ ವಿಷಯ. ರೋಗಿ ಈಗ ಕುಡಿದಿಲ್ಲ, ಹೆದರಿದ್ದಾನೆ, ಮನೆಯವರು ಪಕ್ಕದಲ್ಲಿದ್ದಾರೆ, ವೈದ್ಯರು ದಿನಕ್ಕೆರಡು ಸಲ ಬರುತ್ತಾರೆ. ಇಂಥ ಸಂದರ್ಭ ಅವನ ಬದುಕಿನಲ್ಲಿ ಮತ್ತೆ ಯಾವಾಗ ಬಂದೀತು? ನಾವು ಅದನ್ನು ಎರಡು ಉಪದೇಶದ ಮಾತು, ಒಂದು ಚೀಟಿಯಲ್ಲಿ ಕಳೆದುಬಿಡುತ್ತೇವೆ. ಉಪದೇಶದ ಬೆಲೆಯನ್ನು ಅಳೆದವರಿದ್ದಾರೆ. ಬಾಸ್ಟನ್‌ನ ಆಸ್ಪತ್ರೆಯೊಂದರ ಒಳರೋಗಿಗಳಲ್ಲಿ ಅಪಾಯಕರವಾಗಿ ಕುಡಿಯುತ್ತಿದ್ದ 341 ಮಂದಿಯ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧ ಗಂಟೆಯ ಆಪ್ತಸಮಾಲೋಚನೆ ಸಿಕ್ಕವರಿಗೂ ಸಿಗದವರಿಗೂ ವರ್ಷದ ನಂತರ ಕುಡಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರು ಆಗಲೇ ಪೂರ್ತಿ ಅವಲಂಬಿತರಾಗಿದ್ದರು. ಇನ್ನೊಂದು ಅಧ್ಯಯನ 2015ರದು, ಯೇಲ್ ವಿಶ್ವವಿದ್ಯಾಲಯದ ವೈದ್ಯರದು, ಅಫೀಮು ಜಾತಿಯ ಮಾದಕಗಳಿಗೆ ಒಗ್ಗಿದ 329 ಮಂದಿಯದು. ತುರ್ತು ವಿಭಾಗದಲ್ಲೇ ಬ್ಯುಪ್ರೆನಾರ್ಫಿನ್ ಶುರು ಮಾಡಿದವರಲ್ಲಿ ಶೇ. 78ರಷ್ಟು ಜನ ಒಂದು ತಿಂಗಳ ನಂತರವೂ ಚಿಕಿತ್ಸೆಯಲ್ಲಿದ್ದರು. ಬರಿ ರೆಫರ್ ಮಾಡಿ ಕಳಿಸಿದವರಲ್ಲಿ ಶೇ. 37. ದೇಶ ಬೇರೆ, ವ್ಯಸನ ಬೇರೆ, ಒಪ್ಪುತ್ತೇನೆ. ಆದರೂ ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಆಸ್ಪತ್ರೆಯಲ್ಲೇ ಔಷಧ ಶುರುವಾಗಬೇಕು, ಚೀಟಿ ಬರೆದು ಕಳಿಸಿದರೆ ಸಾಲದು ಎಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಕುಡಿತದ ಹಂಬಲ ತಗ್ಗಿಸುವ ಔಷಧಗಳಿವೆ: ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಲಿವರ್ ಸಿರೋಸಿಸ್ ಆದವರಲ್ಲಿ ಬ್ಯಾಕ್ಲೊಫೆನ್. ಇವುಗಳ ಆಯ್ಕೆ ನಾಲ್ಕು ಸಾಲಿನ ಒಪೀನಿಯನ್ನಿಗೆ ಒಗ್ಗುವುದಿಲ್ಲ. ಮೂಳೆ ಮುರಿದವನಿಗೆ ನೋವಿಗೆಂದು ಟ್ರಾಮಡಾಲ್ ಕೊಡುತ್ತಿರುವಾಗ ನಾಲ್ಟ್ರೆಕ್ಸೋನ್ ಕೊಡುವಂತಿಲ್ಲ. ಅದು ನೋವಿನ ಔಷಧವನ್ನೇ ತಡೆಯುತ್ತದೆ. ಅಕಾಂಪ್ರೊಸೇಟ್ ಲಿವರಿಗೆ ಭಾರವಲ್ಲ, ಆದರೆ ಕಿಡ್ನಿ ಸರಿಯಿರಬೇಕು. ಅಂದರೆ ಮೂಳೆ ವೈದ್ಯರೂ ಮನೋವೈದ್ಯರೂ ಒಂದೇ ಮಂಚದ ಪಕ್ಕ ನಿಂತು ಮಾತಾಡಬೇಕು. ಮಾತಾಡದೆ ಕಾಗದದ ಮೇಲೆ ಉತ್ತರಿಸುವ ಪದ್ಧತಿಯಲ್ಲಿ ಔಷಧ ಶುರುವಾಗದೇ ಉಳಿಯುತ್ತದೆ. ಲಿವರ್ ವಾರ್ಡಿನಲ್ಲಿ ಇದು ಇನ್ನೂ ಕಠೋರ: "ಇನ್ನು ಕುಡಿದರೆ ಸಾಯ್ತೀಯ" ಎಂದು ಹೇಳುವುದಕ್ಕೆ ಎಲ್ಲರೂ ಇದ್ದಾರೆ, ಕುಡಿಯದೆ ಇರುವುದು ಹೇಗೆ ಎಂದು ಕಲಿಸುವವರು ಇಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆಯಿರುವವರಲ್ಲಿ ಶೇ. 86ರಷ್ಟು ಜನ ಚಿಕಿತ್ಸೆಯ ಹೊರಗಿದ್ದಾರೆ. ಇವರಲ್ಲಿ ಎಷ್ಟೋ ಮಂದಿ ಒಂದಲ್ಲ ಒಂದು ಕಾರಣಕ್ಕೆ ನಮ್ಮದೇ ವಾರ್ಡುಗಳಲ್ಲಿ ಮಲಗಿ ಎದ್ದು ಹೋದವರು.

ಮನೋವೈದ್ಯರು ಎಲ್ಲಿದ್ದಾರೆ ಎಂದು ಕೇಳಬಹುದು. ಕೊರತೆ ನಿಜ. ಆದರೆ ಭಾರತ ಮನೋವೈದ್ಯವನ್ನು ಜನರಲ್ ಆಸ್ಪತ್ರೆಯೊಳಗೆ ತಂದದ್ದು ನಿನ್ನೆ ಮೊನ್ನೆಯಲ್ಲ. ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ 1933ರಲ್ಲೇ ಅಂಥ ವಿಭಾಗ ತೆರೆದಿದ್ದರು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಅಲ್ಪಾವಧಿಯ ತರಬೇತಿ ಕೊಟ್ಟು ಮನೋರೋಗಕ್ಕೆ ಚಿಕಿತ್ಸೆ ಮಾಡಿಸಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ. ಹಳ್ಳಿಯ ವೈದ್ಯರು ಮಾಡಬಲ್ಲದ್ದನ್ನು ಮೆಡಿಕಲ್ ಕಾಲೇಜಿನ ಮೂಳೆ ವಿಭಾಗ ಮಾಡಲಾರದೇ? ಎಂಬಿಬಿಎಸ್‌ನಲ್ಲಿ ಮನೋವೈದ್ಯಕ್ಕೆ ಪ್ರತ್ಯೇಕವಾಗಿ ಪಾಸಾಗಬೇಕಾದ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲದ್ದನ್ನು ವಿದ್ಯಾರ್ಥಿಗಳು ಓದುವುದು ಕಡಿಮೆ. ವಾರ್ಡಿನ ಮರೆವು ಅಲ್ಲಿಂದಲೇ ಬರುತ್ತದೆ.

ಕ್ರಿಮಿನಾಶಕ ಕುಡಿದು ಬಂದವರ ವಿಷಯದಲ್ಲೂ ಇದೇ ಪದ್ಧತಿ. ಅಟ್ರೋಪಿನ್, ವೆಂಟಿಲೇಟರ್, ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ದಾಖಲೆ, ಪೊಲೀಸ್ ಹೇಳಿಕೆ ಎಲ್ಲ ನಡೆಯುತ್ತದೆ. ಮನೋವೈದ್ಯರಿಗೆ ಕರೆ ಹೋಗುವುದು ಡಿಸ್ಚಾರ್ಜ್ ಬೆಳಗ್ಗೆ, ಫೈಲ್ ಮುಗಿಸುವುದಕ್ಕೆ. ಇಂಥವರ ಆರೈಕೆ, ಪುನರ್ವಸತಿ ಸರ್ಕಾರದ ಕರ್ತವ್ಯ ಎಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ, ಚೆನ್ನೈಯೂ ಸೇರಿದಂತೆ, ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತುರ್ತು ವಿಭಾಗದಲ್ಲಿ ಒಂದು ಗಂಟೆ ಕೂತು ಮಾತಾಡಿ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿಕೊಂಡರು. ಹಾಗೆ ವಿಚಾರಿಸಿಕೊಂಡವರಲ್ಲಿ ಆತ್ಮಹತ್ಯೆಯ ಸಾವು ಶೇ. 0.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 2.2. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದುಬಾರಿ ಯಂತ್ರ ಬೇಕಿಲ್ಲ. ವೆಂಟಿಲೇಟರ್ ತೆಗೆದ ದಿನವೇ ಮಾತು ಶುರುವಾಗಬೇಕು, ಮನೆಗೆ ಕಳಿಸುವಾಗ ಮುಂದಿನ ಕರೆಯ ತಾರೀಕು ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರಬೇಕು, ಆ ತಾರೀಕಿಗೆ ಕರೆ ಮಾಡುವವರು ಯಾರೆಂದು ವಾರ್ಡಿನಲ್ಲಿ ಗೊತ್ತಿರಬೇಕು.