ಶಿಲುಬೆ ಹಾದಿಯಲ್ಲಿ ಬಿಟ್ಟುಹೋದ ಬಟ್ಟಲು

ಶುಭ ಶುಕ್ರವಾರ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಚರ್ಚುಗಳಲ್ಲಿ, ಯೇಸುವಿನ ಕೊನೆಯ ಪಯಣವನ್ನು ಒಂದೊಂದು ಸ್ಥಳದಲ್ಲಿ ನಿಂತು ನೆನೆಯುವ ಶಿಲುಬೆ ಹಾದಿ ನಡೆಯುತ್ತದೆ. ಕೆಲವೆಡೆ ಹುಡುಗರೇ ವೇಷ ಕಟ್ಟಿ ಅಭಿನಯಿಸುತ್ತಾರೆ. ನಾನು ನೋಡಿದ ಅಭಿನಯಗಳಲ್ಲಿ ಚಾಟಿಯೇಟು, ಮುಳ್ಳಿನ ಕಿರೀಟ, ಕೆಂಪು ಬಣ್ಣ ಎಲ್ಲವೂ ಧಾರಾಳ. ಪಾನೀಯದ ಪ್ರಸಂಗ ಬಂದಾಗ ಮಾತ್ರ ಸೈನಿಕನೊಬ್ಬ ಕೋಲಿನ ತುದಿಗೆ ಸ್ಪಂಜು ಸಿಕ್ಕಿಸಿ, ಗಹಗಹಿಸುತ್ತ ಯೇಸುವಿನ ಬಾಯಿಗೆ ತಿವಿಯುತ್ತಾನೆ. ಅಷ್ಟಕ್ಕೇ ಮುಗಿಯಿತು. ಇದರಲ್ಲಿ ದೊಡ್ಡದೊಂದು ಸಂಗತಿ ಕಳೆದುಹೋಗಿದೆ ಎಂಬುದು ನನ್ನ ತಕರಾರು.

ಶುಭಸಂದೇಶಗಳಲ್ಲಿ ಪಾನೀಯ ಎರಡು ಸಲ ಬರುತ್ತದೆ. ಮೊಳೆ ಹೊಡೆಯುವ ಮೊದಲು ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟರು, ಯೇಸು ಒಲ್ಲೆನೆಂದರು. ಇದು ಮಾರ್ಕನ 15ನೇ ಅಧ್ಯಾಯ. ಕೊನೆಗಳಿಗೆಯಲ್ಲಿ ಸ್ಪಂಜಿನಲ್ಲಿ ಬಂದದ್ದು ಹುಳಿರಸ. ರೋಮನ್ ಸಿಪಾಯಿಗಳು ನೀರು ಬೆರೆಸಿ ಕುಡಿಯುತ್ತಿದ್ದ ಅಗ್ಗದ ಪಾನೀಯ ಅದು. ಮೊದಲನೆಯದು ನೋವಿಗೆ, ಎರಡನೆಯದು ಬಾಯಾರಿಕೆಗೆ. ಹುಳಿರಸ ಕೊಟ್ಟು ಅಣಕಿಸಿದರೆಂದು ಲೂಕ ಬರೆದಿರುವುದರಿಂದ ಸೈನಿಕನ ನಗೆಗೆ ಆಧಾರವುಂಟು. ಎರಡನ್ನೂ ಕಲಸಿ ಒಂದೇ ಕ್ರೌರ್ಯ ಮಾಡುವುದಕ್ಕೆ ಆಧಾರವಿಲ್ಲ.

ಆ ಮೊದಲ ಬಟ್ಟಲು ಯಾರದು? ಮರಣದಂಡನೆಗೆ ಹೊರಟವನ ಅರಿವು ಮಂಕಾಗಲೆಂದು ದ್ರಾಕ್ಷಾರಸದಲ್ಲಿ ಧೂಪದ ಒಂದು ಕಾಳು ಹಾಕಿ ಕೊಡಬೇಕು ಎನ್ನುತ್ತದೆ ಯೆಹೂದ್ಯರ ತಾಲ್ಮುದ್. ಜೆರುಸಲೇಮಿನ ಗಣ್ಯ ಮನೆತನದ ಹೆಂಗಸರು ತಾವಾಗಿಯೇ ಅದನ್ನು ತರುತ್ತಿದ್ದರು. ಅವರು ತರದಿದ್ದರೆ ಸಮುದಾಯದ ಹಣದಿಂದ ಕೊಡಬೇಕಿತ್ತು. ಆ ಗ್ರಂಥ ಒಟ್ಟುಗೂಡಿದ್ದು ಶತಮಾನಗಳ ನಂತರ, ನಿಜ. ಅಲ್ಲಿರುವುದು ಧೂಪ, ಮಾರ್ಕನಲ್ಲಿರುವುದು ರಕ್ತಬೋಳ. ಆದರೂ ಎರಡನ್ನೂ ಒಂದೇ ವಾಡಿಕೆಯೆಂದು ಓದುವುದೇ ನನಗೆ ಸರಿಯೆನಿಸುತ್ತದೆ. ಬೆಲೆಬಾಳುವ ರಕ್ತಬೋಳವನ್ನು ಮೊಳೆ ಹೊಡೆಯಲು ನಿಂತ ಸಿಪಾಯಿ ತನ್ನ ಗಂಟಿನಿಂದ ಹಾಕಿರಲಾರ. ಮತ್ತಾಯ ಮಾತ್ರ ರಕ್ತಬೋಳದ ಜಾಗಕ್ಕೆ ಕಹಿಯನ್ನು ತಂದ. ವೈರಿಗಳು ಕಹಿ ಉಣಿಸುವ 69ನೇ ಕೀರ್ತನೆಯ ನೆರಳು ಬಿದ್ದು, ಮದ್ದಿನ ಬಟ್ಟಲು ವಿಷದ ಬಟ್ಟಲಿನಂತೆ ಕಾಣತೊಡಗಿತು.

ಗ್ರಂದಿಗೆ ಅಂಗಡಿಯಲ್ಲಿ ರಕ್ತಬೋಳ ಇಂದಿಗೂ ಸಿಗುತ್ತದೆ. ಕೆಂಗಂದು ಬಣ್ಣದ ಗಟ್ಟಿ ಅಂಟು, ಮೇಲೆ ಮಾಸಲು ಪುಡಿ. ಚೂರು ನಾಲಿಗೆಗಿಟ್ಟರೆ ಕಹಿ ಗಂಟಲವರೆಗೆ ಇಳಿಯುತ್ತದೆ. ಮತ್ತಾಯನ ಕಹಿಗೆ ಬೇರೆ ವಿಷ ಹುಡುಕಬೇಕಿಲ್ಲ. ರಕ್ತಬೋಳದ ಕೆಲವು ಅಂಶಗಳು ಇಲಿಗಳಲ್ಲಿ, ಅಫೀಮು ಕೆಲಸ ಮಾಡುವ ದಾರಿಯಲ್ಲೇ, ನೋವು ತಗ್ಗಿಸುತ್ತವೆಂದು ಫ್ಲಾರೆನ್ಸಿನ ಸಂಶೋಧಕರು 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಮೈಗೆ ಮೊಳೆ ಇಳಿಯುವ ನೋವಿಗೆ ಅಷ್ಟು ಎಲ್ಲಿ ಸಾಕು! ಯೇಸುವಿನದೇ ಶತಮಾನದ ವೈದ್ಯ ದಿಯೊಸ್ಕೊರಿದಿಸ್ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡಲು ಹೇಳಿದ ಮ್ಯಾಂಡ್ರೇಕ್ ಬೇರಿನ ಮದ್ಯ ಇನ್ನೂ ಜೋರು. ಶಿಲುಬೆಗೇರಿಸಿದ ಜಾಗವಾದ ಗೊಲ್ಗೊಥಾದಲ್ಲಿ ಅದನ್ನು ಕೊಟ್ಟರೆಂದು ಯಾವ ಶುಭಸಂದೇಶವೂ ಹೇಳುವುದಿಲ್ಲ. ಯೇಸು ಸತ್ತಂತೆ ಕಾಣಿಸಲೆಂದು ಸ್ಪಂಜಿನಲ್ಲೇ ಮದ್ದಿಟ್ಟಿದ್ದರು ಎಂದು ಹ್ಯೂ ಶಾನ್‌ಫೀಲ್ಡ್ 1965ರ ‘ದಿ ಪಾಸೋವರ್ ಪ್ಲಾಟ್’ನಲ್ಲಿ ವಾದಿಸಿದರು. ಪುರಾವೆಯಿಲ್ಲದ ಈ ವಾದಕ್ಕೆ ಒಳಸಂಚು ಕಾಣುತ್ತದೆ, ಕರುಣೆ ಕಾಣುವುದಿಲ್ಲ.

ಶಿಲುಬೆ ಹಾದಿಯ 14 ಸ್ಥಳಗಳಲ್ಲಿ 6ನೆಯದು ಯೇಸುವಿನ ಮುಖ ಒರೆಸಿದಳೆನ್ನುವ ವೆರೋನಿಕಳದು. ಶುಭಸಂದೇಶಗಳಲ್ಲಿ ಆಕೆಯ ಪ್ರಸಂಗವೇ ಇಲ್ಲ. 8ನೆಯದು ಅಳುವ ಜೆರುಸಲೇಮಿನ ಹೆಂಗಸರದು. ಮಾರ್ಕನ ಬಟ್ಟಲಿಗೆ ತನ್ನದೇ ಒಂದು ಸ್ಥಳವಿಲ್ಲ. 1991ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬೈಬಲನ್ನೇ ಆಧರಿಸಿದ ಹೊಸ ಕ್ರಮ ತಂದಾಗಲೂ ಅದು ಸೇರಲಿಲ್ಲ. ಅತ್ತ ಹೆಂಗಸರನ್ನು ನೆನೆಯುತ್ತೇವೆ, ಮದ್ದು ತಂದವರನ್ನು ಬಿಟ್ಟಿದ್ದೇವೆ. ಯೇಸುವಿನ ನಿರಾಕರಣೆಯ ತೂಕವೂ ಹೀಗೆ ಹಗುರಾಗುತ್ತದೆ. ಅಣಕದ ಪಾನೀಯವನ್ನು ಯಾರಾದರೂ ತಳ್ಳಿಯಾರು. ನೋವು ತಗ್ಗಿಸುವ ಬಟ್ಟಲು ತುಟಿಗೇ ಬಂದಾಗ ಬೇಡವೆನ್ನುವುದು ಬೇರೆಯೇ ಮಾತು.

ಇದನ್ನು ಅಭಿನಯಕ್ಕೆ ತರುವುದು ಕಷ್ಟವೇನಲ್ಲ. 10ನೇ ಸ್ಥಳದಲ್ಲಿ ಬಟ್ಟೆ ಕಳಚಿದ ಮೇಲೆ, 11ರಲ್ಲಿ ಮೊಳೆ ಹೊಡೆಯುವ ಮುನ್ನ, ಇಬ್ಬರು ಹೆಂಗಸರು ಬಟ್ಟಲು ಹಿಡಿದು ಬರಲಿ, ಸೈನಿಕರು ದಾರಿ ಬಿಡಲಿ. ಯೇಸು ಅವರ ಮುಖ ನೋಡಿ ಬೇಡವೆನ್ನಲಿ. ಸ್ಪಂಜು 12ನೇ ಸ್ಥಳಕ್ಕಿರಲಿ.