ಹೇಳದೆ ಬಿಟ್ಟ ಮಾತು

ಕಾವ್ಯದಲ್ಲಿ ಹೇಳಿದ್ದಕ್ಕಿಂತ ಹೇಳದೆ ಹೊಳೆಯಿಸಿದ್ದೇ ಹಿರಿದೆಂದು ನಮ್ಮ ಆಲಂಕಾರಿಕರು ಸಾರಿದ್ದಾರೆ. ಆನಂದವರ್ಧನನಿಗಂತೂ ಧ್ವನಿಯೇ ಕಾವ್ಯದ ಆತ್ಮ. ಆದರೆ ಹೇಳದೆ ಬಿಟ್ಟದ್ದೇ ಅಪರಾಧವಾಗುವ ಒಂದು ಬಗೆಯ ಗದ್ಯವೂ ಲೋಕದಲ್ಲಿದೆ. ಷೇರು, ಸಾಲಪತ್ರಗಳನ್ನು ಮಾರುವವರು ಜನರ ಮುಂದಿಡುವ ವಿವರಣಪತ್ರ ಆ ಜಾತಿಯದು. ಈ ಗದ್ಯವನ್ನು ಬಿಡಿಸಿ ಓದಿದ ವಕೀಲರೊಬ್ಬರ ಗ್ರಂಥವೇ ಫರ್ಡಿನೆಂಡ್ ಪೆಕೋರಾ ಅವರು 1939ರಲ್ಲಿ ಪ್ರಕಟಿಸಿದ ‘ವಾಲ್ ಸ್ಟ್ರೀಟ್ ಅಂಡರ್ ಓತ್’. ಎಂದರೆ, ಪ್ರಮಾಣಕ್ಕೆ ನಿಂತ ವಾಲ್ ಸ್ಟ್ರೀಟ್. ಇದನ್ನು ಅರ್ಥಶಾಸ್ತ್ರದ ಕಪಾಟಿಗೆ ಸೇರಿಸಿ ಮರೆಯುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ಭಾಷೆಯ ವಿದ್ಯಾರ್ಥಿಯೂ ಇದರಿಂದ ಕಲಿಯತಕ್ಕದ್ದು ಬಹಳವಿದೆ.

ಪೆಕೋರಾ ಅವರು ಸಿಸಿಲಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಯಾರ್ಕಿಗೆ ವಲಸೆ ಬಂದ ಬಡ ಮನೆತನದವರು. ಅಲ್ಲಿ ಸರಕಾರದ ಪರವಾಗಿ ಮೊಕದ್ದಮೆ ನಡೆಸುವ ವಕೀಲರಾಗಿ ಹತ್ತು ವರ್ಷಕ್ಕೂ ಮಿಕ್ಕಿ ದುಡಿದಿದ್ದರು. 1929ರ ಷೇರುಪೇಟೆಯ ಕುಸಿತದ ಕಾರಣ ಶೋಧಿಸುತ್ತಿದ್ದ ಅಮೆರಿಕದ ಸೆನೆಟ್ ಸಮಿತಿ 1933ರ ಜನವರಿಯಲ್ಲಿ ಅವರನ್ನು ತನ್ನ ವಕೀಲರನ್ನಾಗಿ ನೇಮಿಸಿಕೊಂಡಿತು. ಸಂಬಳ ತಿಂಗಳಿಗೆ 255 ಡಾಲರು. ಅವರು ಪ್ರಶ್ನಿಸಬೇಕಾಗಿದ್ದವರಲ್ಲಿ ಒಬ್ಬರಾದ ನ್ಯಾಷನಲ್ ಸಿಟಿ ಬ್ಯಾಂಕಿನ ಚಾರ್ಲ್ಸ್ ಮಿಚೆಲ್ ಅವರ 1929ರ ಸಂಪಾದನೆಯೋ ಹತ್ತು ಲಕ್ಷ ಡಾಲರಿಗೂ ಮೇಲೆ!

ಗ್ರಂಥದ ಬಹುಭಾಗ ಆ ವಿಚಾರಣೆಯ ಕಥೆ. ಅದರಲ್ಲಿ ಪೆರು ದೇಶದ ಸಾಲಪತ್ರಗಳ ಪ್ರಸಂಗವೊಂದನ್ನೇ ನೋಡಿ. ಮಿಚೆಲ್ ಅವರ ಬ್ಯಾಂಕಿನ ಅಂಗಸಂಸ್ಥೆ 1927, 1928ರಲ್ಲಿ ಒಟ್ಟು 9 ಕೋಟಿ ಡಾಲರು ಬೆಲೆಯ ಸಾಲಪತ್ರಗಳನ್ನು ಸಾರ್ವಜನಿಕರಿಗೆ ಮಾರಿತು. ಪೆರು ದೇಶ ಸಾಲ ತೀರಿಸುವುದರಲ್ಲಿ ಕೆಟ್ಟ ಹೆಸರು ಪಡೆದದ್ದೆಂದು ಸಂಸ್ಥೆಯ ಸ್ವಂತ ಪ್ರತಿನಿಧಿಗಳೇ ಬರೆದು ತಿಳಿಸಿದ್ದರು. ಆ ವರದಿಗಳು ಕಡತದಲ್ಲಿ ಉಳಿದುವು. ಕೊಳ್ಳುವವನಿಗೆ ಕೊಟ್ಟ ಕಾಗದದಲ್ಲಿ ಅವುಗಳ ಸುಳಿವೇ ಇಲ್ಲ. 1931ರಲ್ಲಿ ಪೆರು ಕೈಯೆತ್ತಿತು. ವಕೀಲರು ಮಾಡಿದ್ದಿಷ್ಟೆ: ಕಡತದ ಮಾತನ್ನೂ ಕಾಗದದ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿದರು. ಪಾಠಾಂತರಗಳನ್ನು ಹೋಲಿಸುವ ಗ್ರಂಥಸಂಪಾದಕನ ಕೆಲಸವಲ್ಲವೆ ಇದು?

ಗ್ರಂಥದ ಹಿರಿಯ ಗುಣ ಈ ಸಂಯಮ. ಚೇಸ್ ಬ್ಯಾಂಕಿನ ಮುಖ್ಯಸ್ಥ ಆಲ್ಬರ್ಟ್ ವಿಗಿನ್ ಅವರು 1929ರ ಕುಸಿತದ ಹೊತ್ತಿನಲ್ಲಿ ತಮ್ಮ ಬ್ಯಾಂಕಿನ ಷೇರೇ ಬೀಳುವುದೆಂದು ಪಣ ಹೂಡಿ 40 ಲಕ್ಷ ಡಾಲರು ಗಳಿಸಿದರೆಂಬುದು ಹೊರಬಿದ್ದಾಗ, ಬೈಗುಳಕ್ಕೆ ಎಡೆಯಿತ್ತು. ಪೆಕೋರಾ ಅವರು ಅಂಕಿಯನ್ನೇ ಮಾತಾಡಲು ಬಿಡುತ್ತಾರೆ. ಸ್ವಭಾವೋಕ್ತಿಗೆ ಇಷ್ಟು ಹರಿತವುಂಟೆಂದು ನನಗೆ ಮನವರಿಕೆಯಾದದ್ದು ಇಂಥ ಪುಟಗಳಲ್ಲಿ. ಅಂದಿನ ಕಾನೂನಿನಂತೆ ಆ ವ್ಯವಹಾರ ತಪ್ಪೂ ಆಗಿರಲಿಲ್ಲ! ಜೆ. ಪಿ. ಮಾರ್ಗನ್ ಅವರೂ ಅವರ ಪಾಲುದಾರರೂ 1931, 1932ರಲ್ಲಿ ವರಮಾನ ತೆರಿಗೆಯನ್ನೇ ತೆರಲಿಲ್ಲವೆಂಬುದೂ ಕಾನೂನಿಗೆ ಹೊರತಾದದ್ದಲ್ಲ. ನ್ಯಾಯಕ್ಕೂ ಕಾನೂನಿಗೂ ನಡುವೆ ಇರುವ ಈ ಕಂದಕವೇ ಗ್ರಂಥದ ನಿಜವಾದ ವಸ್ತು.

ದೋಷಗಳಿಲ್ಲವೆಂದಲ್ಲ. ಇದು ಒಂದು ಪಕ್ಷದ ವಾದ. ಪ್ರಶ್ನೆ ಕೇಳಿದವರೇ ಕಥೆಯನ್ನೂ ಹೇಳುವುದರಿಂದ, ಪ್ರತಿಪಕ್ಷದವರ ಅಂತರಂಗ ನಮಗೆ ಕಾಣುವುದಿಲ್ಲ. ತೆರಿಗೆ ತಪ್ಪಿಸಿದ ಆರೋಪದ ಮೇಲೆ ಮಿಚೆಲ್ ಅವರನ್ನು ವಿಚಾರಿಸಿದ ಜ್ಯೂರಿ 1933ರಲ್ಲಿ ಅವರನ್ನು ನಿರಪರಾಧಿಯೆಂದು ಬಿಟ್ಟಿತೆಂಬುದನ್ನೂ ಓದುಗರು ನೆನಪಿಡಬೇಕು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ರಂಗದ ಮೇಲೆಲ್ಲ ಕೋಟ್ಯಧೀಶರೇ ತುಂಬಿದ್ದಾರೆ; ಹಣ ಕಳೆದುಕೊಂಡವನು ಮೂಲೆಯಲ್ಲಿ ನಿಂತಿದ್ದಾನೆ. ಯಾರಿಗಾಗಿ ಈ ವಾದವೋ ಅವನ ದನಿ ಇನ್ನಷ್ಟು ಕೇಳಬೇಕಾಗಿತ್ತು.

ಆದರೂ ಈ ಪ್ರಶ್ನೋತ್ತರಗಳು ವ್ಯರ್ಥವಾಗಲಿಲ್ಲ. 1933ರ ಮೇ ತಿಂಗಳಲ್ಲಿ ಬಂದ ಕಾನೂನು, ಮಾರುವವನು ಮುಖ್ಯ ಸಂಗತಿಯನ್ನು ಮರೆಮಾಚಿದರೂ ಸುಳ್ಳಾಡಿದಂತೆಯೇ ಎಂದು ವಿಧಿಸಿತು. 1934ರ ಕಾನೂನು ಕಂಪನಿಯ ಮುಖ್ಯಸ್ಥರು ತಮ್ಮದೇ ಷೇರಿನ ಪತನದ ಮೇಲೆ ಪಣ ಕಟ್ಟುವುದನ್ನು ನಿಷೇಧಿಸಿ, ಮೇಲ್ವಿಚಾರಣೆಗೆ ಆಯೋಗವೊಂದನ್ನು ಸ್ಥಾಪಿಸಿತು. ಪೆಕೋರಾ ಅವರು ಅದರ ಮೊದಲ ಸದಸ್ಯರಲ್ಲಿ ಒಬ್ಬರಾಗಿ ಸ್ವಲ್ಪಕಾಲವಿದ್ದು, 1935ರಲ್ಲಿ ನ್ಯಾಯಾಧೀಶರಾದರು. ಈ ಕಾನೂನು ಕೆಟ್ಟ ಸರಕು ಮಾರಬೇಡವೆನ್ನುವುದಿಲ್ಲ. ಕೆಟ್ಟದ್ದೆಂಬುದನ್ನು ಮುಚ್ಚದೆ ಮಾರೆನ್ನುತ್ತದೆ. ಉಳಿದ ವಿವೇಕ ಓದುಗನದು.

ಓದುಗನದು ಎನ್ನುವಾಗ ನಮ್ಮ ಮನೆಯ ಮಾತು ಬರುತ್ತದೆ. 1992ರಲ್ಲಿ ‘ಸೆಬಿ’ಗೆ ಶಾಸನದ ಬಲ ಬಂದಂದಿನಿಂದ ಭಾರತದಲ್ಲೂ ಇದೇ ತತ್ತ್ವ ನಡೆಯುತ್ತಿದೆ. ಆದರೆ ಕಂಪನಿಯ ವಿವರಣಪತ್ರ ಕನ್ನಡಿಗನ ಕೈಗೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಅದೂ ನೂರಾರು ಪುಟಗಳಲ್ಲಿ. ನಿವೃತ್ತಿಯ ಗಂಟನ್ನು ಹಿಡಿದು ಕುಳಿತ ಮೇಷ್ಟರಿಗೆ ತಿಳಿಯದ ಭಾಷೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರೆ, ಅದು ಹೇಳಿದಂತಾಯಿತೆ, ಹೇಳದೆ ಬಿಟ್ಟಂತಾಯಿತೆ? ಪೆಕೋರಾ ಅವರ ಗ್ರಂಥ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೇಳುವ ಧೈರ್ಯವನ್ನು ಕೊಡುತ್ತದೆ. ಸರಕಾರದ ಪರವಾಗಿ ಇಂಥ ಮೊಕದ್ದಮೆ ನಡೆಸಿದ ನಮ್ಮ ವಕೀಲರೂ ತಮ್ಮ ಅನುಭವವನ್ನು ಕನ್ನಡದಲ್ಲಿ ಬರೆಯಲಿ. ಅಲಂಕಾರ ಬೇಡ, ಕಡತ ಏನು ಹೇಳಿತು, ಕಾಗದ ಏನು ಹೇಳಿತು, ಅಷ್ಟನ್ನು ಬರೆದರೆ ಸಾಕು.